ಮೂವತ್ತೆಂಟು ಸೊನ್ನೆಗಳು

ಮನೆ, ಅಡುಗೆಮನೆಯ ಮೇಜು
ಭಾನುವಾರ, ೯ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಕಪಾಟಿನಲ್ಲಿ ನೀಟಾಗಿ ಮಡಿಸಿಟ್ಟು "ಕಟ್ಕೊಂಡ್ರೆ ಸೆಕೆ ಆಗುತ್ತೆ" ಅನ್ನುತ್ತಿದ್ದೀಯೋ? ನಿನ್ನನ್ನು ನಾನು ಇವತ್ತು ನಿನ್ನೆ ನೋಡಿದವಳಲ್ಲ. ಭಾವನವರ ಬಿ.ಪಿ. ಹತೋಟಿಗೆ ಬಂತೇ? ಉಪ್ಪು ಕಡಿಮೆ ಮಾಡಿದ್ದಕ್ಕೆ ಊಟದ ಹೊತ್ತಿಗೆ ಮುಖ ಊದಿಸಿಕೊಂಡು ಕೂರುತ್ತಾರಂತೆ, ನಿನ್ನ ಮಗಳು ಫೋನಿನಲ್ಲಿ ಹೇಳಿ ಬಿದ್ದು ಬಿದ್ದು ನಕ್ಕಳು. ಅವಳಿಗೆ ಹೊಸ ಕೆಲಸ ಹಿಡಿಸಿದೆಯಂತೆ, ಕೇಳಿ ಸಂತೋಷವಾಯಿತು. ಚಿಕ್ಕಮ್ಮನಿಗೆ ಆಗಾಗ ಎರಡು ಮಾತಾಡಲು ಪುರುಸೊತ್ತು ಮಾಡಿಕೊಳ್ಳುತ್ತಾಳಲ್ಲ, ಅಷ್ಟು ಸಾಕು.

ಇಷ್ಟುದ್ದ ಪತ್ರ ಯಾಕೆ ಬರೆಯಬೇಕು, ಫೋನ್ ಮಾಡಬಾರದೇ ಅಂತ ನೀನು ಕೇಳೇ ಕೇಳುತ್ತೀಯ. ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದು ಹೇಗೆ ಹೇಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಕುಕ್ಕರ್ ಕೂಗುತ್ತದೆ, ಇಲ್ಲವೇ ಬಾಗಿಲಲ್ಲಿ ಯಾರೋ ಬಂದಿರುತ್ತಾರೆ, ಇಲ್ಲವೇ ನೀನೇ "ಇರು ಇರು, ಅದಕ್ಕಿಂತ ಮುಂಚೆ ಇದು ಕೇಳು" ಅಂತ ಶುರು ಮಾಡುತ್ತೀಯ. ಅರ್ಧ ಗಂಟೆಯಾದ ಮೇಲೆ ಫೋನ್ ಇಟ್ಟರೆ ನಿನ್ನ ನೆರೆಮನೆಯವರ ನಾಯಿಯ ಆರೋಗ್ಯ ಕೂಡ ನನಗೆ ಗೊತ್ತಾಗಿರುತ್ತದೆ, ನಾನು ಹೇಳಬೇಕಾದದ್ದು ನನ್ನ ಗಂಟಲಲ್ಲೇ ಉಳಿದಿರುತ್ತದೆ. ಅದಕ್ಕೇ ಶಾಲೆಯ ಉತ್ತರಪತ್ರಿಕೆಯ ಹಾಳೆ ತಂದು ಬರೆಯುತ್ತಿದ್ದೇನೆ. ಎಡಗಡೆ ಮಾರ್ಜಿನ್ ಬಿಟ್ಟಿದ್ದೇನೆ ನೋಡು, ಅಭ್ಯಾಸ ಹೋಗುವುದಿಲ್ಲ.

ಅಮ್ಮ ಈಗ ಮಲಗಿದ್ದಾಳೆ. ಸೊಂಟದ ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಿ ಎರಡು ತಿಂಗಳಾಯಿತು. ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಕಿಟಕಿಗೆ ನಡೆಯುತ್ತಾಳೆ. ಊಟ ಸೇರುತ್ತದೆ. ಜಗಳವಾಡುವಷ್ಟು ಚೈತನ್ಯ ಇದೆ. ಕೆಳಗಿನ ಮನೆಯ ಟೈಲರಮ್ಮ ನಾನು ಶಾಲೆಯಲ್ಲಿರುವಾಗ ತನ್ನ ಹೊಲಿಗೆ ಮಿಷನ್ನನ್ನೇ ಮೇಲೆ ತಂದಿಟ್ಟುಕೊಂಡು ಅಮ್ಮನ ಪಕ್ಕ ಕೂರುತ್ತಾಳೆ. ಅಮ್ಮ ಅವಳಿಗೆ ಕಾಜ ಹಾಕುವುದು ಹೇಗೆ ಅಂತ ಪಾಠ ಹೇಳುತ್ತಾಳೆ, ಮೂವತ್ತು ವರ್ಷ ಹೊಲಿದವಳು ಹೂಂ ಹೂಂ ಅಂತ ಕೇಳುತ್ತಾಳೆ. ಹಗಲು ಹೀಗೆ ಹೋಗುತ್ತದೆ. ರಾತ್ರಿಯದ್ದೇ ಕಷ್ಟ. ನಾಲ್ಕು ಸಲ, ಕೆಲವೊಮ್ಮೆ ಐದು ಸಲ ಕೂಗುತ್ತಾಳೆ. ಒಬ್ಬಳೇ ಏಳಲು ಬಿಡುವ ಹಾಗಿಲ್ಲ. ಅಮ್ಮ ಬಿದ್ದಾಗಿನಿಂದ, ಈ ಹದಿನೆಂಟು ತಿಂಗಳಲ್ಲಿ, ನಾನು ಒಂದೇ ಮಗ್ಗುಲಲ್ಲಿ ಎರಡು ಗಂಟೆಗಿಂತ ಹೆಚ್ಚು ಮಲಗಿದ್ದು ನೆನಪಿಲ್ಲ. ದೂರುತ್ತಿಲ್ಲ, ಹೇಳುತ್ತಿದ್ದೇನೆ ಅಷ್ಟೆ. ಇಲ್ಲ, ದೂರುತ್ತಲೇ ಇದ್ದೇನೆ. ಸುಳ್ಳು ಯಾಕೆ ಹೇಳಲಿ.

ನೀನು ಕಳಿಸಿದ ರಾಜೀನಾಮೆ ಪತ್ರ ತಲುಪಿದೆ. ಭಾವನವರು ಎಷ್ಟು ಚೆನ್ನಾಗಿ ಟೈಪ್ ಮಾಡಿಸಿದ್ದಾರೆ! ನಾನು ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಪುಟ್ಟ ಗುರುತು ಬೇರೆ. ಐವತ್ನಾಲ್ಕು ವರ್ಷದ ಟೀಚರಿಗೆ ಎಲ್ಲಿ ಸಹಿ ಹಾಕಬೇಕು ಅಂತ ಗೊತ್ತಾಗಲಿಕ್ಕಿಲ್ಲ ಅಂತ ಇರಬೇಕು. "ಇನ್ನು ನಾಲ್ಕು ವರ್ಷ ತಾನೇ ಉಳಿದಿರೋದು, ಬಿಟ್ಟುಬಿಡು ಪುಟ್ಟೀ, ಅಮ್ಮನ ಜೊತೆ ಆರಾಮಾಗಿ ಇರು" ಅಂತ ನೀನು ಬರೆದಿದ್ದೆ. ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡು ಮೂರು ವಾರದಿಂದ ಶಾಲೆಗೆ ಹೋಗಿ ಬರುತ್ತಿದ್ದೇನೆ. ಹೆಡ್‌ಮಿಸ್ ಹದಿನೇಳನೇ ತಾರೀಖಿನೊಳಗೆ ಉತ್ತರ ಹೇಳಿ ಅಂದಿದ್ದಾರೆ, ಮುಂದಿನ ವರ್ಷದ ವೇಳಾಪಟ್ಟಿ ಹಾಕಬೇಕಂತೆ. ಅಂದರೆ ಬರುವ ಶನಿವಾರ ಕಳೆದ ಮೇಲಿನ ಸೋಮವಾರ. ಕೆಲಸ ಬಿಡಲೋ ಬೇಡವೋ ಅಂತ ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿದಿದೆ. ಇದರ ಮಧ್ಯೆ ಶಾಲೆಯಲ್ಲಿ ಒಂದು ಘನಕಾರ್ಯ ಮಾಡಿದ್ದೇನೆ. ಅದನ್ನು ಪೂರ್ತಿ ಕೇಳು, ಆಮೇಲೆ ಬೇಕಾದರೆ ಬೈ.

ಈ ವರ್ಷ ಒಂಬತ್ತನೇ ತರಗತಿಗೆ ಒಂದು ಸಂಗೀತ ನಾಟಕ ಪಠ್ಯವಾಗಿದೆ. ಕತೆ ದೊಡ್ಡದೇನಲ್ಲ. ಒಂದು ಬಂದರು. ಮಂಜು ಕವಿದಾಗ ದೋಣಿಗಳಿಗೆ ದಡ ಕಾಣುವುದಿಲ್ಲ, ಆಗ ಯಾರಾದರೂ ದೊಡ್ಡ ಗಂಟೆ ಬಾರಿಸುತ್ತಲೇ ಇರಬೇಕು. ಗಂಟೆಯಾಳು ತೀರಿಕೊಂಡಿದ್ದಾನೆ, ಅವನ ಹೆಂಡತಿ ಬಾರಿಸುತ್ತಾಳೆ. ಮಂಜು ಒಂದು ವಾರ ಸರಿಯುವುದಿಲ್ಲ. ಊರವರು ಗುಂಪಾಗಿ ಬಂದು ಅವಳನ್ನು ಹೊಗಳಿ ಹಾಡುತ್ತಾರೆ, "ನೀನಿರುವೆ, ನಮಗೇನು ಭಯ" ಅಂತ, ಹಾಡಿ ಮನೆಗೆ ಹೋಗುತ್ತಾರೆ. ಅವಳು ಹಗ್ಗ ಎಳೆಯುತ್ತಿರುತ್ತಾಳೆ. ಪುಸ್ತಕದ ಕೊನೆಯಲ್ಲಿ ಮಂಜು ಸರಿದು, ದೋಣಿಗಳು ಬಂದು, ಎಲ್ಲರೂ ಅವಳನ್ನು ಹೆಗಲ ಮೇಲೆ ಎತ್ತಿಕೊಂಡು ಹಾಡಿ ಕುಣಿಯುತ್ತಾರೆ. ಉತ್ತರಸೂಚಿಯಲ್ಲಿ "ಮುಖ್ಯ ಆಶಯ: ತಾಳ್ಮೆ ಮತ್ತು ತ್ಯಾಗದ ಗೆಲುವು" ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ.

ನನ್ನ ಪಾಠದ ಪದ್ಧತಿ ನಿನಗೆ ಗೊತ್ತಲ್ಲ, ನೀನು ಯಾವಾಗಲೂ ಗೇಲಿ ಮಾಡುತ್ತಿದ್ದದ್ದು. ಹಾಳೆಯ ಮಧ್ಯೆ ಗೆರೆ, ಎಡಗಡೆ ಪದಗಳು, ಬಲಗಡೆ ಆಶಯ. ಹಾಡು ಓದುವಾಗ ಯಾವ ಮಾತು ಮತ್ತೆ ಮತ್ತೆ ಬರುತ್ತದೋ ಅದರ ಕೆಳಗೆ ಗೆರೆ ಎಳೆಯಬೇಕು, ಎಷ್ಟು ಸಲ ಬಂತು ಅಂತ ಎಣಿಸಬೇಕು. ಒಂದು ಮಾತು ನಾಟಕದಲ್ಲಿ ಮೂರು ಸಲ ಬಂದರೆ ಅಲ್ಲಿ ನಿಂತು ಯಾಕೆ ಅಂತ ಕೇಳಬೇಕು. ಆಶಯ ಬರೆದ ಮೇಲೆ ಸಾಕ್ಷಿ ಕೊಡಬೇಕು, ಯಾವ ಹಾಡು, ಯಾವ ಸಾಲು. ಸಾಕ್ಷಿಯಿಲ್ಲದ ಆಶಯಕ್ಕೆ ನನ್ನ ಕ್ಲಾಸಿನಲ್ಲಿ ಬೆಲೆಯಿಲ್ಲ. ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂದರೆ ಈ ಮಕ್ಕಳು ಮನೆಯ ಗುಟ್ಟನ್ನೆಲ್ಲ ರಟ್ಟು ಮಾಡಿಬಿಡುತ್ತಾರೆ ಕಣಕ್ಕ. 'ಚುಕ್ಕಾಣಿ' ಅನ್ನುವುದಕ್ಕೆ ಒಬ್ಬಳು ಬರೆದಳು, ನಮ್ಮ ಮನೆಯ ಚುಕ್ಕಾಣಿ ಅಮ್ಮನ ಕೈಯಲ್ಲಿದೆ, ಅಪ್ಪ ಗಾಳಿ ಬಂದ ಕಡೆ ಹೋಗುತ್ತಾರೆ. 'ಲಂಗರು' ಅನ್ನುವುದಕ್ಕೆ ಇನ್ನೊಬ್ಬ, ನಮ್ಮ ಮಾವ ಎರಡು ದಿನಕ್ಕೆಂದು ಬಂದು ಸೋಫಾದ ಮೇಲೆ ಲಂಗರು ಹಾಕಿದ್ದಾರೆ. 'ಮಂಜು ಕವಿಯುವುದು' ಅನ್ನುವುದಕ್ಕೆ ಅರ್ಧ ತರಗತಿ ಗಣಿತದ ಪೀರಿಯಡ್ಡನ್ನು ಉದಾಹರಣೆ ಕೊಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರ ಎದುರೇ ಕೂತು ಇದನ್ನೆಲ್ಲ ತಿದ್ದುತ್ತಾ ನಗು ತಡೆಯಲಾರದೆ ಕೆಮ್ಮಿದೆ. ಮನೆಯ ಚಿಂತೆಯೆಲ್ಲ ಆ ಅರ್ಧ ಗಂಟೆ ಎಲ್ಲಿ ಹೋಗಿತ್ತೋ.

ಒಂದು ನಾಟಕ ತಂಡ ಅದೇ ನಾಟಕವನ್ನು ಶಾಲಾ ಮಕ್ಕಳಿಗಾಗಿ ಆಡುತ್ತದೆ ಅಂತ ಗೊತ್ತಾದಾಗ ನಾನೇ ಮುಂದೆ ಬಿದ್ದು ಹೆಡ್‌ಮಿಸ್ಸನ್ನು ಒಪ್ಪಿಸಿದೆ. ಮೊನ್ನೆಯ ಗುರುವಾರ ಅಲ್ಲ, ಅದರ ಹಿಂದಿನ ಗುರುವಾರ, ಮಧ್ಯಾಹ್ನ ಎರಡೂವರೆಯ ಆಟ. ಮೂವತ್ತೆಂಟು ಮಕ್ಕಳು, ಎರಡು ಸಾಲು ಕುರ್ಚಿ. ಎಲ್ಲರ ಕೈಯಲ್ಲೂ ಗೆರೆ ಎಳೆದ ಹಾಳೆ. ಹೆಡ್‌ಮಿಸ್ ನಮ್ಮ ಹಿಂದಿನ ಸಾಲಿನಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಿದ್ದರು. ಮೊದಲ ಅಂಕವನ್ನು ಕಣ್ಣು ಮಿಟುಕಿಸದೆ ನೋಡಿದೆ. ಗಂಟೆಯ ಹೆಂಗಸಾಗಿ ನಟಿಸಿದವಳು ತೆಳ್ಳಗೆ, ಗಟ್ಟಿ ದನಿ, ಹಗ್ಗ ಎಳೆಯುವಾಗ ಅವಳ ಕತ್ತಿನ ನರ ನಮಗೆ ಕಾಣುತ್ತಿತ್ತು. ವಿರಾಮದಲ್ಲಿ ತಲೆ ಎಣಿಸಿದೆ, ಇಬ್ಬರನ್ನು ಶೌಚಾಲಯದಿಂದ ಎಳೆದು ತಂದೆ. ಎರಡನೆಯ ಅಂಕ ಶುರುವಾಗುವುದೇ ಜೋಗುಳದಿಂದ. ಮೆತ್ತನೆಯ ಕುರ್ಚಿ, ಕತ್ತಲು, ಹಾರ್ಮೋನಿಯಂ, ಮೇಲಿಂದ ಜೋಗುಳ. ರಂಗದ ಮೇಲಿನ ಮಗುವಿಗಿಂತ ಮುಂಚೆ ನಾನು ನಿದ್ದೆ ಹೋದೆ.

ಚಪ್ಪಾಳೆ ಕೇಳಿ ಎಚ್ಚರವಾಯಿತು. ದೋಣಿಗಳೆಲ್ಲ ಬಂದವು, ಶುಭಂ ಅಂದುಕೊಂಡು ನಾನೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಯಾರಿಗೂ ಗೊತ್ತಾಗಲಿಲ್ಲ ಅಂತ ಸಮಾಧಾನಪಟ್ಟುಕೊಂಡೆ. ಮರುದಿನವೇ ಕ್ಲಾಸಿನಲ್ಲಿ ಉತ್ತರ ಬರೆಸಿದೆ. ಪದಗಳಿಗೆ ಹತ್ತು ಅಂಕ, ಆಶಯಕ್ಕೆ ಹತ್ತು, ಕೊನೆಯ ದೃಶ್ಯದಿಂದಲೇ ಸಾಕ್ಷಿ ಕೊಡಬೇಕು. ಶನಿವಾರ ಅಮ್ಮನನ್ನು ವ್ಯಾಯಾಮಕ್ಕೆ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿನ ಬೆಂಚಿನ ಮೇಲೆ ಕಟ್ಟು ಬಿಚ್ಚಿ ತಿದ್ದಲು ಕೂತೆ. ಮೊದಲನೆಯ ಹುಡುಗ ಬರೆದಿದ್ದ, ಕೊನೆಯಲ್ಲಿ ಅವಳು ಹಗ್ಗ ಬಿಟ್ಟುಬಿಟ್ಟಳು. ಏನು ತಲೆಹರಟೆ ಇವನದು ಅಂತ ಸೊನ್ನೆ ಹಾಕಿದೆ. ಎರಡನೆಯವಳೂ ಹಗ್ಗ ಬಿಟ್ಟಳು ಅಂತಲೇ ಬರೆದಿದ್ದಳು. ಹತ್ತನೆಯ ಹಾಳೆಯ ಹೊತ್ತಿಗೆ ನನ್ನ ಪಿತ್ತ ನೆತ್ತಿಗೇರಿತ್ತು. ಯಾರೋ ಒಬ್ಬರು ಬಾಯಿಗೆ ಬಂದದ್ದು ಬರೆದಿದ್ದಾರೆ, ಉಳಿದ ಮೂವತ್ತೇಳು ಜನ ಕುರಿಗಳ ಹಾಗೆ ನಕಲು ಹೊಡೆದಿದ್ದಾರೆ ಅಂತ ತೀರ್ಮಾನಿಸಿಬಿಟ್ಟೆ. ಮೂವತ್ತೆಂಟು ಸೊನ್ನೆ ಹಾಕಿದೆ ಅಕ್ಕಾ, ಒಂದೂ ಬಿಡದೆ. ಕೆಲವರಿಗೆ ಕೆಂಪು ಶಾಯಿಯಲ್ಲಿ "ನಕಲು?" ಅಂತ, ಇನ್ನು ಕೆಲವರಿಗೆ "ಪುಸ್ತಕ ತೆರೆದಿದ್ದೀಯಾ?" ಅಂತ ಬರೆದೆ. ಅಮ್ಮ ಒಳಗಿಂದ ಬಂದವಳು ನನ್ನ ಮುಖ ನೋಡಿ "ಯಾರ ಮೇಲೆ ಕೋಪ ಮಾಡ್ಕೊಂಡಿದ್ದೀ?" ಅಂದಳು. ಸೋಮವಾರ ಇವರಿಗೆ ಇದೆ ಹಬ್ಬ ಅಂದೆ.

ಸೋಮವಾರ ಹಾಳೆ ಹಂಚಿದೆ, ಚೆನ್ನಾಗಿ ಬೈದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥ ಬೇಜವಾಬ್ದಾರಿ ತರಗತಿ ನೋಡಿಲ್ಲ ಅಂದೆ. ಒಂದು ನರಪಿಳ್ಳೆಯೂ ತುಟಿ ಬಿಚ್ಚಲಿಲ್ಲ. ಅದೇ ನನಗೆ ವಿಚಿತ್ರ ಅನ್ನಿಸಬೇಕಿತ್ತು. ಅರ್ಧ ಅಂಕಕ್ಕೆ ಮೇಜಿನ ಸುತ್ತ ಮುತ್ತಿಗೆ ಹಾಕುವ ಮಕ್ಕಳು ಸೊನ್ನೆಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡವು. ಸಾಯಂಕಾಲ ಅಂಕಪಟ್ಟಿ ಹೆಡ್‌ಮಿಸ್ ಮೇಜಿಗೆ ಹೋಯಿತು. ಆ ಅಂಕ ವರ್ಷದ ಕೊನೆಯ ಒಟ್ಟಿಗೆ ಸೇರುತ್ತದೆ, ಹಾಗಾಗಿ ಇಡೀ ತರಗತಿಗೆ ಸೊನ್ನೆ ಬಂದದ್ದು ಯಾಕೆ ಅಂತ ಗುರುವಾರದೊಳಗೆ ಬರೆದುಕೊಡಿ ಅಂತ ಚೀಟಿ ಬಂತು.

ಮಂಗಳವಾರ ಊಟದ ಬಿಡುವಿನಲ್ಲಿ 'ಪ್ರಶ್ನೆಚಿಹ್ನೆ' ಬಂದಳು. ಅವಳ ಬಗ್ಗೆ ಹಿಂದೆ ಬರೆದಿದ್ದೆನಲ್ಲ, ಬೆನ್ನು ಬಗ್ಗಿಸಿ ಕೂರುವ, ಏನು ಹೇಳಿದರೂ ಯಾಕೆ ಅನ್ನುವ ಹುಡುಗಿ. ಯಾರೂ ಇಲ್ಲದ್ದನ್ನು ನೋಡಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಕೊಂಡು ನಿಂತಳು. "ಮಿಸ್, ನಾವು ನಕಲು ಮಾಡಿಲ್ಲ. ಅವ್ಳು ನಿಜವಾಗ್ಲೂ ಹಗ್ಗ ಬಿಟ್ಟಳು. ನಾಟಕದವ್ರು ಕೊನೆ ಬದಲಾಯ್ಸಿದ್ರು" ಅಂದಳು. ಹಾಗಾದರೆ ನಿನ್ನೆ ಯಾಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಿರಿ ಅಂತ ಕೇಳಿದೆ. ಅವಳು ನೆಲ ನೋಡುತ್ತಾ, "ಹೇಳಿದ್ರೆ ನೀವು ನಿದ್ದೆ ಮಾಡಿದ್ದು ಹೆಡ್‌ಮಿಸ್‌ಗೆ ಗೊತ್ತಾಗುತ್ತಲ್ಲ ಮಿಸ್. ಯಾರೂ ಹೇಳೋದು ಬೇಡ ಅಂತ ಎಲ್ರೂ ಮಾತಾಡ್ಕೊಂಡ್ವಿ" ಅಂದಳು. ಆಮೇಲೆ ಒಂದೊಂದೇ ಹೊರಗೆ ಬಂತು. ನಾನು ತೂಕಡಿಸಿದ ಕೂಡಲೇ ಪಕ್ಕದವಳು ನನ್ನ ತಲೆ ಜಾರದ ಹಾಗೆ ತನ್ನ ಚೀಲ ಒತ್ತಿಟ್ಟಳಂತೆ. ನನ್ನ ಹಿಂದೆ ಕೂತಿದ್ದ ಹೆಡ್‌ಮಿಸ್‌ಗೆ ಕಾಣಬಾರದು ಅಂತ ತರಗತಿಯಲ್ಲೇ ಎತ್ತರದ ಇಬ್ಬರು ನನ್ನ ಬೆನ್ನ ಹಿಂದಿನ ಕುರ್ಚಿಗಳಿಗೆ ಜಾಗ ಬದಲಾಯಿಸಿ ನೆಟ್ಟಗೆ ಕೂತರಂತೆ. ಎಬ್ಬಿಸೋಣವೇ ಅಂತ ಒಬ್ಬ ಕೇಳಿದ್ದಕ್ಕೆ, "ಪಾಪ, ಮಿಸ್ ಮಲಗ್ಲಿ ಬಿಡೋ" ಅಂದರಂತೆ. ಅದಾಗಿ ನಾಲ್ಕು ದಿನಕ್ಕೆ ನಾನು ಅವರಿಗೆ ನಕಲು ಹೊಡೆದವರು ಅಂದೆ. ಹತ್ತು ಅಂಕ ಕಳೆದುಕೊಂಡರೂ ನನ್ನ ನಿದ್ದೆಯನ್ನು ಬಿಟ್ಟುಕೊಡಲಿಲ್ಲ ಆ ಮಕ್ಕಳು. ಅವಳನ್ನು ಕಳಿಸಿ ಬಾಗಿಲು ಹಾಕಿಕೊಂಡು ಕೂತೆ. ಊಟದ ಡಬ್ಬಿ ತೆರೆಯಲಿಲ್ಲ.

ಅವತ್ತು ನಿನ್ನ ರಾಜೀನಾಮೆ ಪತ್ರವನ್ನು ಚೀಲದಿಂದ ತೆಗೆದೆ, ನಿಜ ಹೇಳುತ್ತೇನೆ. ಇಷ್ಟು ದಣಿದವಳು ಮಕ್ಕಳ ಮುಂದೆ ನಿಲ್ಲಬಾರದು, ಅಕ್ಕ ಹೇಳಿದ್ದೇ ಸರಿ ಅನ್ನಿಸಿತು. ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ. ಬೆಲ್ ಹೊಡೆಯಿತು, ಎಂಟನೇ ತರಗತಿಗೆ ಹೋಗಬೇಕಿತ್ತು, ಹೋದೆ.

ಬುಧವಾರ ಒಂಬತ್ತನೇ ತರಗತಿಗೆ ಹೋಗಿ ಬಾಗಿಲು ಮುಂದೆ ಮಾಡಿ, ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದೆ. ನಾನು ಎರಡನೇ ಅಂಕದಲ್ಲಿ ನಿದ್ದೆ ಮಾಡಿದೆ, ನೋಡದ ನಾಟಕದ ಉತ್ತರ ತಿದ್ದಿದೆ, ನಿಮ್ಮನ್ನು ಕಳ್ಳರು ಅಂದೆ, ನನ್ನದು ತಪ್ಪು. ಹಿಂದಿನ ಬೆಂಚಿನಿಂದ ಒಬ್ಬ, "ಗೊರಕೆ ಹೊಡೀಲಿಲ್ಲ ಮಿಸ್, ಅದಕ್ಕೇ ಬಚಾವ್" ಅಂದ. ತರಗತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಾನೂ ನಕ್ಕೆ. ಹಾಗಾದರೆ ನಾನು ನೋಡದ್ದನ್ನು ಈಗ ತೋರಿಸಿ ಅಂದೆ. ತೋರಿಸಿ ಅನ್ನುವುದೇ ತಡ, ಆಟದ ಕೋಣೆಯಿಂದ ಸ್ಕಿಪ್ಪಿಂಗ್ ಹಗ್ಗ ಬಂತು, ಕಿಟಕಿಯ ಸರಳಿಗೆ ಕಟ್ಟಿಯಾಯಿತು, ನನ್ನನ್ನು ಮೊದಲ ಬೆಂಚಿನಲ್ಲಿ ಕೂರಿಸಿ ಕೈಗೆ ಗೆರೆ ಎಳೆದ ಹಾಳೆ ಕೊಟ್ಟರು. "ಈ ಸಲ ಮಲಗಬೇಡಿ" ಅಂತ ಎಚ್ಚರಿಕೆ ಬೇರೆ.

ಪ್ರಶ್ನೆಚಿಹ್ನೆಯೇ ಗಂಟೆಯ ಹೆಂಗಸು. ಹಿಂದಿನ ಬೆಂಚಿನವರು ಊರವರು. ಇಬ್ಬರು ಡೆಸ್ಕಿನ ಮೇಲೆ ತಾಳ ಹಾಕಿದರು. ಊರವರು ಸುತ್ತ ನಿಂತು "ನೀನಿರುವೆ, ನಮಗೇನು ಭಯ" ಅಂತ ಹಾಡುತ್ತಾರೆ, ಪ್ರತಿ ಸಲವೂ ಇನ್ನಷ್ಟು ಜೋರಾಗಿ, ಇನ್ನಷ್ಟು ಪ್ರೀತಿಯಿಂದ. ಅವಳು ಹಗ್ಗ ಎಳೆಯುತ್ತಾ ಇದ್ದಾಳೆ. ಹಾಡಿನ ನಡುವೆ ತಟ್ಟನೆ ಹಗ್ಗ ಬಿಟ್ಟುಬಿಡುತ್ತಾಳೆ. ತಾಳ ನಿಲ್ಲುತ್ತದೆ. ಅವಳು ಹಾಡುವುದಿಲ್ಲ, ಬೈಯುವುದಿಲ್ಲ, ಹೋಗಿ ಮೆಟ್ಟಿಲ ಮೇಲೆ ಕೂರುತ್ತಾಳೆ. ಊರವರು ಬಾಯಿ ತೆರೆದುಕೊಂಡೇ ನಿಂತಿರುತ್ತಾರೆ. ಸಮುದ್ರದ ಮೇಲೆ ದೋಣಿಗಳಿವೆ, ಗಂಟೆ ನಿಂತಿದೆ. ಯಾರೂ ಅಲುಗಾಡುವುದಿಲ್ಲ. ನಮ್ಮ ಹಿಂದಿನ ಬೆಂಚಿನವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಕೊನೆಗೆ ಒಬ್ಬ ಮುದುಕ ಬೆಸ್ತ ಬಂದು, ಹೇಗೆ ಹಿಡಿಯಬೇಕು ಅಂತ ಗೊತ್ತಾಗದೆ, ಹಗ್ಗಕ್ಕೆ ಕೈ ಹಾಕುತ್ತಾನೆ. ಎಳೆತ ತಪ್ಪುತ್ತದೆ. ಇನ್ನೊಬ್ಬಳು ಬರುತ್ತಾಳೆ. ಹೆಂಗಸು ನೋಡುತ್ತಾ ಕೂತಿರುತ್ತಾಳೆ, ಎದ್ದು ಸರಿಮಾಡಲು ಹೋಗುವುದಿಲ್ಲ. ಪರದೆ. ನನಗೆ ಅಳು ಬಂತು ಕಣಕ್ಕ. ಕನ್ನಡಕ ತೆಗೆದು ಮಕ್ಕಳ ಮುಂದೆಯೇ ಅತ್ತೆ. ಆ ತಾಳದವರಲ್ಲಿ ಒಬ್ಬ ಹೆದರಿ ನೀರಿನ ಬಾಟಲಿ ತಂದುಕೊಟ್ಟ.

ಆಮೇಲೆ ನನ್ನನ್ನು ಬೋರ್ಡಿಗೆ ಕಳಿಸಿದರು, ಆಶಯ ಬರೆಯಿರಿ ಅಂತ. ಅವರ ಹಾಳೆಗಳಲ್ಲಿ ಏನೇನಿತ್ತು ಅಂತ ಆಗ ಸರಿಯಾಗಿ ಓದಿದೆ. ಒಬ್ಬಳು "ಹೊಗಳಿದರೆ ಸಹಾಯ ಮಾಡಿದ ಹಾಗಾಗುವುದಿಲ್ಲ" ಅಂತ ಬರೆದಿದ್ದಳು, ನಾನು ಅದಕ್ಕೆ ಸೊನ್ನೆ ಕೊಟ್ಟಿದ್ದೆ. ನಾನು "ಒಬ್ಬರ ಕೆಲಸ ಎಲ್ಲರ ಕೆಲಸ" ಅಂತ ಬರೆದೆ. ಪ್ರಶ್ನೆಚಿಹ್ನೆ ಬಿಡುತ್ತಾಳೆಯೇ? "ಸಾಕ್ಷಿ ಕೊಡಿ ಮಿಸ್, ಯಾವ ಹಾಡು, ಯಾವ ಸಾಲು?" ಅಂದಳು. ನೋಡಿದರೆ ಸಾಲೇ ಇಲ್ಲ, ಅವಳು ಬಾಯಿ ಬಿಡುವುದೇ ಇಲ್ಲವಲ್ಲ. ಸುಮ್ಮನಿದ್ದದ್ದನ್ನು ಸಾಕ್ಷಿ ಅನ್ನಬಹುದೇ ಅಂತ ಅರ್ಧ ಗಂಟೆ ಜಗಳವಾಯಿತು. ಕೆಲವರು ಆಗುತ್ತದೆ ಅಂದರು. ಇನ್ನು ಕೆಲವರು, ಬಾಯಿಬಿಟ್ಟು ಕೇಳಿದ್ದರೆ ಊರವರು ಮೊದಲ ದಿನವೇ ಬರುತ್ತಿದ್ದರೇನೋ, ಕೇಳದೆ ಇದ್ದದ್ದು ಅವಳದ್ದೂ ತಪ್ಪು ಅಂದರು. ಪಕ್ಕದ ತರಗತಿಯ ಮೇಷ್ಟ್ರು ಬಂದು ಗದ್ದಲ ಮಾಡಬೇಡಿ ಅಂತ ಹೇಳಿ ಹೋದರು. ನನಗೆ ಹತ್ತಕ್ಕೆ ಏಳು ಅಂಕ ಕೊಟ್ಟರು. ಮೂರು ಯಾಕೆ ಕಳೆದಿರಿ ಅಂದರೆ, ಹಾಜರಾತಿ ಕಡಿಮೆಯಂತೆ.

ಹೆಡ್‌ಮಿಸ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನನ್ನ ವಿವರಣೆ ಓದಿ, ಕನ್ನಡಕದ ಮೇಲಿಂದ ನೋಡಿ, "ನಿದ್ದೆ ಬಂತು ಅಂತೆಲ್ಲ ಬರೀಬೇಡಿ ತಾಯಿ, 'ಅಂಕ ಪರಿಷ್ಕರಿಸಲಾಗಿದೆ' ಅಂದ್ರೆ ಸಾಕು" ಅಂದರು. ಬಾಗಿಲವರೆಗೆ ಬಂದಾಗ ಹಿಂದಿನಿಂದ, "ಎರಡನೇ ಅಂಕದಲ್ಲಿ ನಂಗೂ ಸ್ವಲ್ಪ ಕಣ್ಣು ಹತ್ತಿತ್ತು" ಅಂದರು. ಆಮೇಲೆ ಗಂಭೀರವಾಗಿ, "ನೀವು ಹೋದ್ರೆ ನಂಗೆ ಇನ್ನೊಬ್ರು ಟೀಚರ್ ಸಿಗ್ತಾರೆ. ಆದ್ರೆ ನೀವು ಮನೇಲಿ ಕೂತು ಏನು ಮಾಡ್ತೀರಿ ಅಂತ ಯೋಚ್ನೆ ಮಾಡಿ" ಅಂದರು. ಯೋಚನೆ ಮಾಡಿದೆ. ಶಾಲೆ ಬಿಟ್ಟರೆ ನಾನು ಇಡೀ ದಿನ ಈ ಎರಡು ಕೋಣೆಯಲ್ಲಿ ಇರುತ್ತೇನೆ, ಅಮ್ಮ ಕೂಗಿದಾಗ ಏಳುತ್ತೇನೆ, ಒಂದಲ್ಲ ಒಂದು ದಿನ ಅಮ್ಮನ ಮೇಲೆ ಕಿರುಚುತ್ತೇನೆ. ಈಗಾಗಲೇ ಎರಡು ಸಲ ಕಿರುಚಿದ್ದೇನೆ. ಇದನ್ನು ನಿನಗೆ ಹೇಳಿರಲಿಲ್ಲ.

ನಿನ್ನೆ ಅಮ್ಮ ಮಲಗಿದ್ದಾಗ ನೀನು ಬರೆದ ಪತ್ರಗಳನ್ನೆಲ್ಲ ಕಪಾಟಿನಿಂದ ಕೆಳಗಿಳಿಸಿ, ಪೆನ್ಸಿಲ್ ಹಿಡಿದು ಕೂತೆ. ಕೋಪಿಸಿಕೊಳ್ಳಬೇಡ, ಮಕ್ಕಳಿಗೆ ಹೇಳಿಕೊಟ್ಟ ಪದ್ಧತಿಯಲ್ಲೇ ಓದಿದೆ. ಹದಿನೆಂಟು ತಿಂಗಳಲ್ಲಿ ಹನ್ನೊಂದು ಪತ್ರ. "ನೀನಿದ್ದೀಯಲ್ಲ, ನಂಗೆ ಚಿಂತೆ ಇಲ್ಲ" ಅನ್ನುವುದು ಹದಿನಾಲ್ಕು ಸಲ. "ಮುಂದಿನ ತಿಂಗಳು ಬರ್ತೀನಿ" ಒಂಬತ್ತು ಸಲ. "ನಿನ್ನಂಥ ಮಗಳು ಯಾರಿಗಿದ್ದಾಳೆ" ಆರು ಸಲ. ಕೆಳಗೆ ಗೆರೆ ಎಳೆದಿದ್ದೇನೆ, ಬೇಕಾದರೆ ತೋರಿಸುತ್ತೇನೆ. ಓದಿ ಮುಗಿಸಿದಾಗ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನೀನು ಎದುರಿಗಿದ್ದಿದ್ದರೆ ಜಡೆ ಹಿಡಿದು ಎಳೆಯುತ್ತಿದ್ದೆ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ. ಆಮೇಲೆ ನಾನು ನಿನಗೆ ಬರೆದದ್ದನ್ನು ನೆನಪು ಮಾಡಿಕೊಂಡೆ. ಪ್ರತಿ ಪತ್ರದಲ್ಲೂ "ಇಲ್ಲಿ ಎಲ್ಲ ಆರಾಮ, ನೀನು ತಲೆ ಕೆಡಿಸ್ಕೋಬೇಡ" ಅಂತಲೇ ಬರೆದಿದ್ದೇನೆ. ಬಾ ಅಂತ ಒಂದು ಸಲವೂ ಕರೆದಿಲ್ಲ. ನೀನಾಗಿ ತಿಳಿದುಕೊಳ್ಳಬೇಕು ಅಂತ ಕಾದೆ, ತಿಳಿದುಕೊಳ್ಳದ್ದಕ್ಕೆ ಒಳಗೊಳಗೇ ನಿನ್ನನ್ನು ಶಪಿಸಿದೆ. ನೀನು ಕೆಟ್ಟವಳಲ್ಲ ಅಂತ ನನಗೆ ಗೊತ್ತು. ನನಗೆ ಟೈಫಾಯ್ಡ್ ಆದಾಗ ಪರೀಕ್ಷೆ ಬಿಟ್ಟು ಇಪ್ಪತ್ತು ದಿನ ನನ್ನ ತಲೆದೆಸೆಯಲ್ಲಿ ಕೂತವಳು ನೀನು. ಅದಕ್ಕೇ ಇಷ್ಟು ಸಿಟ್ಟು.

ಇನ್ನು ನಿಲ್ಲಿಸುತ್ತೇನೆ, ಬೆರಳು ನೋಯುತ್ತಿದೆ, ಒಲೆಯ ಮೇಲೆ ಅಮ್ಮನಿಗೆ ಹಾಲು ಇಟ್ಟಿದ್ದೇನೆ. ಭಾವನವರಿಗೆ ನನ್ನ ನಮಸ್ಕಾರ ಹೇಳು, ಟೈಪು ಚೆನ್ನಾಗಿತ್ತು ಅಂತಲೂ ಹೇಳು. ಮಗಳಿಗೆ ಚಿಕ್ಕಮ್ಮನ ಮುತ್ತು. ಮಂಡಿಗೆ ಪಟ್ಟಿ ಕಟ್ಟಿಕೋ, ಸೆಕೆಯಾದರೆ ಫ್ಯಾನ್ ಹಾಕಿಕೋ. ಅಮ್ಮ ನಿನಗೆ ಆಶೀರ್ವಾದ ಕಳಿಸಿದ್ದಾಳೆ, ಜೊತೆಗೆ ನೀನು ಹೋದ ಸಲ ತೆಗೆದುಕೊಂಡು ಹೋದ ಅವಳ ಕಂದು ಶಾಲನ್ನು ಇನ್ನೂ ಮರೆತಿಲ್ಲ ಅಂತ ಹೇಳಲು ಹೇಳಿದ್ದಾಳೆ.

ಇತಿ ನಿನ್ನ ತಂಗಿ,
ಪುಟ್ಟಿ

ಬರೆಯದೆ ಬಿಟ್ಟದ್ದು: ಟೈಲರಮ್ಮನ ಗಂಡ ಪೇಟೆ ಕಡೆ ಹೊರಟಿದ್ದಾರೆ, ಅಂಚೆಪೆಟ್ಟಿಗೆಗೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ರಾಜೀನಾಮೆಗೆ ಸಹಿ ಹಾಕುವುದಿಲ್ಲ. ಹದಿನೈದನೇ ತಾರೀಖು ಶನಿವಾರ ಬೆಳಗಿನ ರೈಲಿಗೆ ಅಮ್ಮನಿಗೂ ನನಗೂ ಟಿಕೆಟ್ ಮಾಡಿಸಿದ್ದೇನೆ. ಪ್ರಯಾಣ ಮಾಡಬಹುದು ಅಂತ ಡಾಕ್ಟರು ಹೇಳಿದ್ದಾರೆ. ಅಮ್ಮ ಮೂರು ತಿಂಗಳು ನಿನ್ನ ಹತ್ತಿರ ಇರುತ್ತಾಳೆ. ನಾನು ಭಾನುವಾರವೇ ಹಿಂದಿರುಗುತ್ತೇನೆ, ಸೋಮವಾರ ಕ್ಲಾಸಿದೆ. ವಿಷಯ ಹೇಳಿದಾಗ ಅಮ್ಮ ಮೊದಲು ಕೇಳಿದ್ದು "ಅವಳೇ ಕರೆದಳಾ?" ಅಂತ. ಹೌದಮ್ಮ, ಅವಳೇ ಕರೆದಳು ಅಂದೆ. ನಿನ್ನೆಯಿಂದ ಬಟ್ಟೆ ಮಡಿಸುತ್ತಾ ಕೂತಿದ್ದಾಳೆ. ರೈಲು ಮಧ್ಯಾಹ್ನ ಮೂರು ಗಂಟೆಗೆ ನಿಮ್ಮೂರಿಗೆ ಬರುತ್ತದೆ. ಸ್ಟೇಷನ್ನಿಗೆ ನೀನೇ ಬಾ ಅಕ್ಕಾ, ಯಾರನ್ನೋ ಕಳಿಸಬೇಡ. ಅಮ್ಮನನ್ನು ಬೋಗಿಯಿಂದ ಇಳಿಸಲು ಇಬ್ಬರು ಬೇಕು.